ಸುದ್ದಿ ಇತ್ತು, ತಲುಪಲಿಲ್ಲ: ‘ಗುಪ್ತಚರ ವೈಫಲ್ಯ’ ಎಂಬ ಮಾತನ್ನು ಬಿಡಿಸಿ ನೋಡಿದಾಗ

2025ರ ನವೆಂಬರ್ 10, ಸೋಮವಾರ. ಹಗಲಿನ ದೊಡ್ಡ ಸುದ್ದಿ ಫರೀದಾಬಾದಿನದು. ದೆಹಲಿಗೆ ಅಂಟಿಕೊಂಡೇ ಇರುವ ಆ ಊರು ಮತ್ತಿತರ ಕಡೆಗಳಿಂದ ಸುಮಾರು 2,900 ಕೆ.ಜಿ. ಸ್ಫೋಟಕ ಸಾಮಗ್ರಿ ವಶಪಡಿಸಿಕೊಂಡಿರುವುದಾಗಿ ಜಮ್ಮು-ಕಾಶ್ಮೀರ ಪೊಲೀಸರು ಪ್ರಕಟಿಸಿದರು. ವೈದ್ಯರೂ ಸೇರಿ ಹಲವರ ಬಂಧನವಾಗಿತ್ತು. ದೊಡ್ಡ ಅನಾಹುತ ತಪ್ಪಿತು ಎಂದು ಜನ ನಿಟ್ಟುಸಿರು ಬಿಡುವ ಹೊತ್ತಿಗೆ, ಅದೇ ದಿನ ಸಂಜೆ ಏಳಕ್ಕೆ ಕೆಲವೇ ನಿಮಿಷ ಇರುವಾಗ ಕೆಂಪುಕೋಟೆ ಮೆಟ್ರೊ ನಿಲ್ದಾಣದ ಬಳಿ ಕಾರೊಂದು ಸಿಡಿಯಿತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಾಲ್ಕು ದಿನ ಕಳೆದು, ಹಾಗೆ ವಶಪಡಿಸಿಕೊಂಡಿದ್ದ ಸಾಮಗ್ರಿಯೇ ಶ್ರೀನಗರದ ನೌಗಾಮ್ ಠಾಣೆಯಲ್ಲಿ ಆಕಸ್ಮಿಕವಾಗಿ ಸಿಡಿದು 9 ಮಂದಿ ಸತ್ತರು.

ಇದನ್ನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ? ಟಿವಿ ಚರ್ಚೆಗಳಲ್ಲಿ ಒಬ್ಬರು ‘ಗುಪ್ತಚರ ಇಲಾಖೆಯ ಅದ್ಭುತ ಯಶಸ್ಸು’ ಎಂದರು, ಪಕ್ಕದಲ್ಲೇ ಕುಳಿತಿದ್ದವರು ‘ಸಂಪೂರ್ಣ ಗುಪ್ತಚರ ವೈಫಲ್ಯ’ ಎಂದರು. ಇಬ್ಬರೂ ಮಾತಾಡುತ್ತಿದ್ದದ್ದು ಒಂದೇ ಪ್ರಕರಣದ ಬಗ್ಗೆ.

ದೆಹಲಿಯಲ್ಲಿ ಹೀಗೆ ಏನಾದರೂ ಆದಾಗಲೆಲ್ಲ ಮೈಸೂರಿಗೂ ಅದರ ಬಿಸಿ ತಟ್ಟುತ್ತದೆ. ಕೆಆರ್‌ಎಸ್ ಅಣೆಕಟ್ಟೆ, ಅರಮನೆ, ರೈಲು ನಿಲ್ದಾಣದಲ್ಲಿ ತಪಾಸಣೆ ಬಿಗಿಯಾಗುತ್ತದೆ. ನೋಟು ಮುದ್ರಣಾಲಯದಿಂದ ಹಿಡಿದು ಯಲವಾಳದ ಕಡೆಯ ರೇರ್ ಮೆಟೀರಿಯಲ್ಸ್ ಪ್ಲಾಂಟ್‌ವರೆಗೆ ಕಾಯಬೇಕಾದ ಜಾಗಗಳು ಈ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಹಾಗಾಗಿ ‘ಮೊದಲೇ ಗೊತ್ತಾಗಲಿಲ್ಲವೇ?’ ಎಂಬ ಪ್ರಶ್ನೆ ನಮ್ಮ ಊರಿನ ಪ್ರಶ್ನೆಯೂ ಹೌದು. ಉತ್ತರ ಬೇಕಾದರೆ ಮೊದಲು ‘ಗುಪ್ತಚರ ವೈಫಲ್ಯ’ ಎಂಬ ಒಂದೇ ಗಂಟನ್ನು ಬಿಚ್ಚಬೇಕು. ಅದರೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಬಗೆಯ ತಪ್ಪುಗಳಿವೆ. ಪ್ರತಿಯೊಂದಕ್ಕೂ ಬೇರೆ ಮದ್ದು.

ಕಟ್ಟಡ ಕಂಡಿತು, ಕಾಡಿನೊಳಗಿನ ಮನುಷ್ಯ ಕಾಣಲಿಲ್ಲ

2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಹದಿನೈದು ದಿನಗಳಲ್ಲಿ, ಮೇ 7ರ ನಸುಕಿನಲ್ಲಿ, ಭಾರತೀಯ ಸೇನೆ ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದ ಒಂಬತ್ತು ನೆಲೆಗಳ ಮೇಲೆ ದಾಳಿ ಮಾಡಿತು. ಬಹಾವಲ್ಪುರ, ಮುರೀದ್ಕೆಯಂಥ ದೂರದ ಊರುಗಳ ನಿರ್ದಿಷ್ಟ ಕಟ್ಟಡಗಳು ಗುರಿಯಾಗಿದ್ದವು. ಗಡಿಯಾಚೆಯ ಕಟ್ಟಡದ ವಿಳಾಸ ಗೊತ್ತಿದ್ದ ವ್ಯವಸ್ಥೆಗೆ ನಮ್ಮದೇ ಹುಲ್ಲುಗಾವಲಿಗೆ ಬರುತ್ತಿದ್ದವರು ಹೇಗೆ ಕಾಣಲಿಲ್ಲ ಎಂದು ಜನ ಕೇಳಿದ್ದು ನ್ಯಾಯವೇ.

ಕಾರಣ ಇಷ್ಟು. ಕಟ್ಟಡ ಎದ್ದು ಓಡಾಡುವುದಿಲ್ಲ. ಉಪಗ್ರಹ ಇವತ್ತು ತೆಗೆದ ಚಿತ್ರವನ್ನು ಆರು ತಿಂಗಳ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟು ನೋಡಬಹುದು. ಒಳಗಿನವರು ಫೋನಿನಲ್ಲಿ ಮಾತಾಡಿದರೆ ಕೇಳಬಹುದು. ವರ್ಷಗಟ್ಟಲೆ ತಾಳ್ಮೆಯಿಂದ ಸೇರಿಸಿಟ್ಟ ಮಾಹಿತಿ ಬೇಕಾದ ದಿನ ಕೈಗೆ ಬರುತ್ತದೆ. ಆದರೆ ಮೂರ್ನಾಲ್ಕು ಜನ ಫೋನು ಮುಟ್ಟದೆ, ಕಾಡಿನಲ್ಲಿ ನಡೆದು, ಯಾವುದೋ ಗುಡಿಸಲಿನಲ್ಲಿ ಊಟ ಮಾಡಿ ಮುಂದೆ ಹೋದರೆ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಅವರನ್ನು ಕಾಣಬಲ್ಲವನು ಆ ಗುಡಿಸಲಿನವನು, ಕುರಿ ಮೇಯಿಸುವವನು, ಕುದುರೆ ಬಾಡಿಗೆಗೆ ಕೊಡುವವನು. ಅವನು ಬಾಯಿ ಬಿಡಬೇಕಾದರೆ ಪೊಲೀಸರ ಮೇಲೆ ಭರವಸೆ ಇರಬೇಕು, ಹೇಳಿದ ಮೇಲೆ ತನ್ನ ಪ್ರಾಣಕ್ಕೆ ಅಪಾಯವಿಲ್ಲ ಎಂಬ ಧೈರ್ಯ ಇರಬೇಕು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಅಪರಿಚಿತರಿದ್ದಾರೆ ಎಂದು ಸೇನೆಗೆ ಮೊದಲು ತಿಳಿಸಿದ್ದು ಸ್ಥಳೀಯ ಪಶುಪಾಲಕರೇ.

ಅಂದರೆ ಯಂತ್ರದಿಂದ ಬರುವ ಸುದ್ದಿ ಒಂದು ಬಗೆ, ಮನುಷ್ಯರಿಂದ ಬರುವ ಸುದ್ದಿ ಇನ್ನೊಂದು ಬಗೆ. ಮೊದಲನೆಯದರಲ್ಲಿ ಗೆದ್ದ ಮಾತ್ರಕ್ಕೆ ಎರಡನೆಯದರ ಸೋಲು ತುಂಬುವುದಿಲ್ಲ. ಪಹಲ್ಗಾಮ್‌ನಲ್ಲಿ ಆದದ್ದು ಭದ್ರತಾ ವೈಫಲ್ಯ, ಅದರ ಹೊಣೆ ತಮ್ಮದು ಎಂದು ಜಮ್ಮು-ಕಾಶ್ಮೀರದ ಲೆಫ್ಟಿನೆಂಟ್ ಗವರ್ನರ್ ಮನೋಜ್ ಸಿನ್ಹಾ 2025ರ ಜುಲೈನಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಯಾವ ಬಗೆಯ ವೈಫಲ್ಯ ಎಂಬುದು ಅಲ್ಲಿಗೂ ತಿಳಿಯಲಿಲ್ಲ.

ಕಡಿದ ಕಬ್ಬಿನ ಲೆಕ್ಕ

ಮಂಡ್ಯದ ರೈತರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬು ಎಷ್ಟೇ ಚೆನ್ನಾಗಿ ಬೆಳೆದಿರಲಿ, ಕಡಿದ ಮೇಲೆ ಗದ್ದೆಯಲ್ಲೋ ಕಾರ್ಖಾನೆ ಗೇಟಿನ ಮುಂದಿನ ಲಾರಿ ಸಾಲಿನಲ್ಲೋ ಒಣಗುತ್ತಾ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆಗ ತಪ್ಪು ಬೆಳೆದವನದೋ, ಕಟಾವಿನ ಗ್ಯಾಂಗಿನದೋ, ಲಾರಿಯದೋ, ನುರಿಸುವವನದೋ? ‘ಕಬ್ಬು ಹಾಳಾಯಿತು’ ಎಂದಷ್ಟೇ ಹೇಳಿದರೆ ಮುಂದಿನ ವರ್ಷವೂ ಹಾಗೇ ಆಗುತ್ತದೆ.

ಗುಪ್ತ ಮಾಹಿತಿಯ ಹಾದಿಯೂ ಹೀಗೇ. ಯಾರಾದರೂ ಕಂಡು ಕೇಳಿ ತಿಳಿಸಬೇಕು, ಸಾವಿರ ಸುದ್ದಿಗಳ ನಡುವೆ ಇದು ಕಾಳು, ಇದು ಜೊಳ್ಳು ಎಂದು ಯಾರಾದರೂ ಕೇರಬೇಕು, ಕೇರಿದ್ದು ಬೇಕಾದವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಮುಟ್ಟಿದವರು ನಂಬಬೇಕು, ನಂಬಿದವರು ಕೆಲಸ ಮಾಡಬೇಕು. ಎಲ್ಲಿ ಕಡಿದರೂ ಹೊರಗಿನವರಿಗೆ ಕಾಣುವುದು ಒಂದೇ, ಕೊನೆಯ ಸ್ಫೋಟ. ಸಾಮಾನ್ಯವಾಗಿ ಎಲ್ಲರ ಬೆರಳು ಮೊದಲನೆಯ ಹಂತದ ಕಡೆಗೇ ತಿರುಗುತ್ತದೆ: ‘ಗೂಢಚಾರರು ಏನು ಮಾಡುತ್ತಿದ್ದರು?’ ಇತಿಹಾಸ ನೋಡಿದರೆ ದೊಡ್ಡ ಸೋಲುಗಳಲ್ಲಿ ಬಹಳಷ್ಟು ಮಧ್ಯದ ಹಂತಗಳಲ್ಲೇ ಆಗಿವೆ. ಅದಕ್ಕೆ ದೂರ ಹೋಗಬೇಕಾಗಿಲ್ಲ, ಶ್ರೀರಂಗಪಟ್ಟಣದ ಹತ್ತಿರ ಹೋದರೆ ಸಾಕು.

ಅರಕೆರೆ, 1791

ಮೂರನೆಯ ಮೈಸೂರು ಯುದ್ಧ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಮೇ 15ರಂದು ಅರಕೆರೆ ಬಳಿ ಕಾಳಗವಾಯಿತು. ಟಿಪ್ಪುವಿನ ಸೇನೆ ಹಿಂದೆ ಸರಿದು ಕೋಟೆ ಸೇರಿತು. ಮೇಲ್ನೋಟಕ್ಕೆ ಕಾರ್ನ್‌ವಾಲಿಸ್ ಗೆದ್ದಿದ್ದ. ಆದರೆ ಅವನ ಪಾಳೆಯದಲ್ಲಿ ಧಾನ್ಯ ಮುಗಿದಿತ್ತು, ಫಿರಂಗಿ ಎಳೆಯುವ ಎತ್ತುಗಳು ಸಾಯುತ್ತಿದ್ದವು, ಮಳೆ ಹಿಡಿದಿತ್ತು. ಒಂದು ವಾರ ನೋಡಿ, ಕೋಟೆ ಒಡೆಯಲೆಂದು ಬಹಳ ಕಷ್ಟಪಟ್ಟು ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಲು ಹೊರಟ.

ಹೊರಟ ಮೇಲೆ ದೂರದಲ್ಲಿ ಕುದುರೆ ಸವಾರರ ದಂಡೊಂದು ಕಾಣಿಸಿತು. ಟಿಪ್ಪುವಿನ ಸವಾರರೆಂದು ತಿಳಿದು ಕಂಪನಿಯವರು ಕಾದಾಟಕ್ಕೆ ಸಜ್ಜಾದರು. ಬಂದವರು ಮರಾಠರು! ಪರಶುರಾಮ ಭಾವು ಮತ್ತು ಹರಿಪಂತ ಫಡಕೆಯ ನೇತೃತ್ವದ ಮಿತ್ರಸೇನೆ, ಬೇಕಾದಷ್ಟು ದವಸ-ಧಾನ್ಯ, ಎತ್ತುಗಳ ಸಮೇತ ಕೆಲವೇ ಹರದಾರಿ ದೂರದವರೆಗೆ ಬಂದಿತ್ತು. ಬರುತ್ತಿದ್ದೇವೆ ಎಂದು ಹೇಳಿಕಳುಹಿಸಿಯೂ ಇತ್ತು. ಆದರೆ ಟಿಪ್ಪುವಿನ ಲಘು ಸವಾರರು ದಾರಿಯ ತುಂಬ ಹರಡಿಕೊಂಡು, ಓಲೆಕಾರರನ್ನು ಹಿಡಿದು ಹಾಕಿದ್ದರು. ಸುದ್ದಿ ಕೆಲವು ದಿನ ಮೊದಲು ಮುಟ್ಟಿದ್ದರೆ ಆ ಫಿರಂಗಿಗಳು ಒಡೆಯುತ್ತಿರಲಿಲ್ಲ.

ಈ ಘಟನೆಯನ್ನು ಸ್ವಲ್ಪ ನಿಂತು ನೋಡಬೇಕು. ಕಂಪನಿಗೆ ಗುಪ್ತ ಸುದ್ದಿ ಸಂಗ್ರಹಿಸುವ ವ್ಯವಸ್ಥೆಯೇ ಇರಲಿಲ್ಲ ಎಂದಲ್ಲ. ಯುದ್ಧಕ್ಕೆ ಮೊದಲೇ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬವನ ಕೈಕೆಳಗೆ ಅದಕ್ಕೆಂದೇ ಒಂದು ವಿಭಾಗ ಇತ್ತು. ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೊ ಅಲ್ಲಿ ಸಹಾಯಕನಾಗಿದ್ದ. ಟಿಪ್ಪುವಿನ ಸೇನೆಯ ಬಗ್ಗೆ, ಕಣಿವೆಗಳ ಬಗ್ಗೆ ಅವರಿಗೆ ಬೇಕಾದಷ್ಟು ತಿಳಿದಿತ್ತು. ಶತ್ರುವಿನ ವಿಚಾರ ತಿಳಿದಿದ್ದರೂ ತನ್ನದೇ ಮಿತ್ರ ಎಲ್ಲಿದ್ದಾನೆ ಎಂಬುದು ಕಾರ್ನ್‌ವಾಲಿಸನಿಗೆ ತಿಳಿಯಲಿಲ್ಲ. ಟಿಪ್ಪು ಕದ್ದದ್ದು ರಹಸ್ಯವನ್ನಲ್ಲ, ದಾರಿಯನ್ನು. ಎದುರಾಳಿಯ ಸುದ್ದಿ ಓಡಾಡದಂತೆ ತಡೆಯುವುದೂ ಬೇಹುಗಾರಿಕೆಯ ಅರ್ಧ ಕೆಲಸ. ಅದರಿಂದ ಅವನಿಗೆ ಒಂಬತ್ತು ತಿಂಗಳ ಬಿಡುವು ಸಿಕ್ಕಿತು. 1792ರ ಫೆಬ್ರವರಿಯಲ್ಲಿ ಅವರು ಮತ್ತೆ ಬಂದಾಗ ದಾರಿ ತೆರೆದಿತ್ತು. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಅಂಚೆಯೇ ಕಿವಿಯಾಗಿದ್ದ ನಾಡು

ಸುದ್ದಿ ಸಂಗ್ರಹ ಬೇರೆ, ಸುದ್ದಿ ಸಾಗಣೆ ಬೇರೆ ಎಂದು ಹಳೆಯ ಮೈಸೂರು ಭಾವಿಸಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಹದಿನೆಂಟು ಕಚೇರಿಗಳಲ್ಲಿ ಅಂಚೆಯದೂ ಒಂದು. ಓಲೆ ಹೊತ್ತೊಯ್ಯುವುದು ಅದರ ಒಂದು ಕೆಲಸ ಮಾತ್ರ. ತಮ್ಮ ಸೀಮೆಯಲ್ಲಿ ಏನು ನಡೆಯುತ್ತಿದೆ ಎಂದು ಅರಮನೆಗೆ ತಿಳಿಸುವುದೂ ಅಂಚೆಯವರ ಕೆಲಸವಾಗಿತ್ತು. ಹೈದರ್ ಅದನ್ನು ಇನ್ನಷ್ಟು ಬಿಗಿ ಮಾಡಿದ ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಕಂಡವನೇ ತಲುಪಿಸುವವನೂ ಆದ್ದರಿಂದ ನಡುವೆ ಸುದ್ದಿ ನಿಲ್ಲಲು ಜಾಗ ಕಡಿಮೆ. ಜನರ ಖಾಸಗಿ ಪತ್ರಗಳನ್ನು ಹೊರುವವನೇ ರಾಜನ ಕಿವಿಯಾದರೆ ಏನಾಗುತ್ತದೆ ಎಂಬ ಅಪಾಯವೂ ಅದರಲ್ಲೇ ಇತ್ತು. ಆ ಪ್ರಶ್ನೆಗೆ ಮುಂದೆ ಬರೋಣ. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯೊಂದಿಗೆ ಸೇರಿಹೋಯಿತು. ಅದಕ್ಕೆ ಎರಡು ವರ್ಷ ಹಿಂದೆ, 1887ರಲ್ಲಿ, ಇಂದಿನ ಇಂಟೆಲಿಜೆನ್ಸ್ ಬ್ಯೂರೊ, ಅಂದರೆ ಐಬಿಯ ಮೂಲ ರೂಪ ಹುಟ್ಟಿತ್ತು.

ಕೇರುವ ಹಂತದ ಬಗ್ಗೆ ನಮ್ಮಲ್ಲಿ ಇನ್ನೂ ಹಳೆಯ ಪಾಠವಿದೆ, ಅದೂ ಮೈಸೂರಿನಿಂದಲೇ ಲೋಕಕ್ಕೆ ಹೋದದ್ದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ಸನ್ಯಾಸಿ, ವ್ಯಾಪಾರಿ, ಗೃಹಸ್ಥ, ವಿದ್ಯಾರ್ಥಿ ಹೀಗೆ ನಾನಾ ವೇಷದ ಗೂಢಪುರುಷರ ವರ್ಣನೆಯಿದೆ. ಎಲ್ಲರೂ ಉದಾಹರಿಸುವುದು ಆ ವೇಷಗಳನ್ನು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಒಂದು ಚಿಕ್ಕ ನಿಯಮ: ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರ ಮಾತು ಒಂದೇ ಆದರೆ ನಂಬು. ಮತ್ತೆ ಮತ್ತೆ ಸುಳ್ಳಾಗುವವರನ್ನು ಕೆಲಸದಿಂದ ತೆಗೆ ಅಥವಾ ಗುಟ್ಟಾಗಿ ದಂಡಿಸು. ದಂಡನೆಯ ಕ್ರೌರ್ಯ ಆ ಕಾಲದ್ದು, ನಿಯಮದ ವಿವೇಕ ಇಂದಿಗೂ ಸಲ್ಲುವಂಥದ್ದು. ಮೂವರಿಗೂ ಒಂದೇ ಮೂಲದಿಂದ ಸುದ್ದಿ ಬಂದಿದ್ದರೆ ಅದು ಮೂರಲ್ಲ, ಒಂದೇ. ಒಂದೇ ವಾಟ್ಸ್ಆ್ಯಪ್ ಸಂದೇಶ ಮೂರು ಕಡೆಯಿಂದ ಬಂದಾಗ ನಿಜವಿರಬೇಕು ಅನ್ನಿಸುವುದಿಲ್ಲವೇ, ಅದೇ ತಪ್ಪನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ಮಾಡಿವೆ. 2003ರ ಇರಾಕ್ ಯುದ್ಧಕ್ಕೆ ಮೊದಲು, ಸಂಚಾರಿ ಜೈವಿಕ ಅಸ್ತ್ರ ಪ್ರಯೋಗಾಲಯಗಳಿವೆ ಎಂಬ ಅಮೆರಿಕದ ವಾದ ಬಹುಮಟ್ಟಿಗೆ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬನೇ ಇರಾಕಿಯ ಮಾತಿನ ಮೇಲೆ ನಿಂತಿತ್ತು. ಅವನು ಹೇಳಿದ್ದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಯುದ್ಧ ಶುರುವಾಗಿತ್ತು.

1998ರ ಜೂನ್ 2ರ ಪತ್ರ

ಸ್ವತಂತ್ರ ಭಾರತದಲ್ಲಿ ಗುಪ್ತಚರ ವೈಫಲ್ಯವನ್ನು ಬಿಡಿಸಿ ನೋಡಿ ಸಾರ್ವಜನಿಕವಾಗಿ ಹೇಳಿದ ಅಪರೂಪದ ದಾಖಲೆ ಒಂದಿದೆ. ಅದು ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ. ಅದರಲ್ಲಿ ಒಂದು ಪತ್ರದ ಕಥೆ ಬರುತ್ತದೆ.

ಕಾರ್ಗಿಲ್ ಯುದ್ಧಕ್ಕೆ ಸುಮಾರು ಒಂದು ವರ್ಷ ಮೊದಲು, ನಿಯಂತ್ರಣ ರೇಖೆಯ ಆಚೆ ನಡೆಯುತ್ತಿದ್ದ ಚಟುವಟಿಕೆಗಳ ಬಗ್ಗೆ ಐಬಿಗೆ ಕೆಲವು ಸುದ್ದಿಗಳು ಸಿಕ್ಕವು. ಮುಖ್ಯವೆನಿಸಿದ್ದರಿಂದ ಐಬಿ ನಿರ್ದೇಶಕರು ತಾವೇ ಸಹಿ ಹಾಕಿ 1998ರ ಜೂನ್ 2ರಂದು ಪತ್ರ ಕಳುಹಿಸಿದರು. ಪತ್ರ ಹೋದದ್ದು ಪ್ರಧಾನಿಗೆ, ಗೃಹ ಸಚಿವರಿಗೆ, ಸಂಪುಟ ಕಾರ್ಯದರ್ಶಿಗೆ, ಗೃಹ ಕಾರ್ಯದರ್ಶಿಗೆ, ಸೇನೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರಿಗೆ. ದೇಶದ ಅತ್ಯುನ್ನತ ಹುದ್ದೆಗಳಿಗೇ ಹೋಯಿತಲ್ಲ, ಇನ್ನೇನು ಬೇಕು ಅನ್ನಿಸಬಹುದು. ಆದರೆ ಆ ಸುಳಿವಿನ ಬೆನ್ನು ಹತ್ತಬಲ್ಲವರು ಮೂವರು: ವಿದೇಶಿ ಬೇಹುಗಾರಿಕೆ ಸಂಸ್ಥೆ ‘ರಾ’ದ ಮುಖ್ಯಸ್ಥರು, ಎಲ್ಲ ಕಡೆಯ ಮಾಹಿತಿಯನ್ನು ಕೂಡಿಸಿ ಅಂದಾಜು ಮಾಡುವ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು, ಸೇನಾ ಬೇಹುಗಾರಿಕೆಯ ಮುಖ್ಯಸ್ಥರು. ಈ ಮೂವರಿಗೆ ಪತ್ರವನ್ನು ಬರೆದಿರಲಿಲ್ಲ. ಮೇಲಿನವರು ಇವರಿಗೆ ತಿಳಿಸುತ್ತಾರೆ ಎಂದು ಭಾವಿಸಲಾಗಿತ್ತು, ಹಾಗೆ ಆಗಲಿಲ್ಲ. ಮರುವರ್ಷದ ಯುದ್ಧದಲ್ಲಿ 527 ಯೋಧರು ಪ್ರಾಣ ಕೊಟ್ಟರು.

ಒಂದೇ ಪತ್ರದಿಂದ ಯುದ್ಧ ತಪ್ಪುತ್ತಿತ್ತು ಎಂದು ಹೇಳುವುದು ಅತಿಯಾದೀತು. ಪಾಕಿಸ್ತಾನ ಚಳಿಗಾಲದಲ್ಲಿ ಶಿಖರ ಹತ್ತುವ ಸಾಹಸಕ್ಕೆ ಕೈ ಹಾಕುತ್ತದೆ ಎಂದು ಯಾರೂ ಎಣಿಸಿರಲಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ. ಅದೇ ಯುದ್ಧದ ನಡುವೆ, ಮೇ ಕೊನೆಯಲ್ಲಿ, ಬೀಜಿಂಗ್‌ನಲ್ಲಿದ್ದ ಪಾಕ್ ಸೇನಾ ಮುಖ್ಯಸ್ಥ ಜನರಲ್ ಮುಷರಫ್ ಮತ್ತು ರಾವಲ್ಪಿಂಡಿಯಲ್ಲಿದ್ದ ಅವರ ಚೀಫ್ ಆಫ್ ಜನರಲ್ ಸ್ಟಾಫ್ ಲೆಫ್ಟಿನೆಂಟ್ ಜನರಲ್ ಅಜೀಜ್ ನಡುವಿನ ಫೋನ್ ಮಾತುಕತೆಯನ್ನು ‘ರಾ’ ಕದ್ದು ಕೇಳಿತು. ಒಳನುಗ್ಗಿದವರ ಹಿಂದೆ ಪಾಕಿಸ್ತಾನಿ ಸೇನೆಯೇ ಇದೆ ಎಂಬುದನ್ನು ಅದು ಜಗತ್ತಿನ ಮುಂದಿಟ್ಟಿತು. ಒಂದೇ ಯುದ್ಧ, ಒಂದೇ ವ್ಯವಸ್ಥೆ, ಸೋಲೂ ಗೆಲುವೂ ಒಟ್ಟಿಗೆ. ನವೆಂಬರ್ 10ರ ಗೊಂದಲ ಹೊಸದಲ್ಲ.

ನವೆಂಬರ್ 10ಕ್ಕೂ ಇದೇ ಅಳತೆ ಹಿಡಿದು ನೋಡಬಹುದು. ಆ ಪ್ರಕರಣ ಬಯಲಾದದ್ದು ಅಕ್ಟೋಬರಿನಲ್ಲಿ ನೌಗಾಮ್‌ನ ಗೋಡೆಗಳ ಮೇಲೆ ಕಂಡ ಭಿತ್ತಿಪತ್ರಗಳಿಂದ. ಠಾಣೆಯ ಪೊಲೀಸರು ಅದನ್ನು ಹರಿದು ಬಿಸಾಡಿ ಸುಮ್ಮನಾಗಬಹುದಿತ್ತು. ಅಂಟಿಸಿದವರು ಯಾರೆಂದು ಹುಡುಕುತ್ತಾ ಹೋದರು, ಅದು ಫರೀದಾಬಾದಿನವರೆಗೆ ಕರೆದೊಯ್ಯಿತು. ಸುದ್ದಿ ಹಿಡಿಯುವ ಹಂತದಲ್ಲಿ ಇದು ಮೆಚ್ಚಬೇಕಾದ ಕೆಲಸ. ಬಂಧನಗಳು ಶುರುವಾದ ಮೇಲೆ ಕೈತಪ್ಪಿದವನೊಬ್ಬ ಕಾರಿನೊಂದಿಗೆ ರಾಜಧಾನಿಯಲ್ಲಿ ಓಡಾಡಲು ಸಾಧ್ಯವಾದದ್ದು ಬೇರೆ ಹಂತದ ತಪ್ಪು. ಜಮ್ಮು-ಕಾಶ್ಮೀರ, ಹರಿಯಾಣ ಮತ್ತು ದೆಹಲಿಯ ಪೊಲೀಸರ ನಡುವಿನ ಕೊನೆಯ ಗಂಟೆಗಳ ಪ್ರಶ್ನೆ ಅದು. ಠಾಣೆಯಲ್ಲಿ ಆದ ಸ್ಫೋಟಕ್ಕೂ ಬೇಹುಗಾರಿಕೆಗೂ ಸಂಬಂಧವೇ ಇಲ್ಲ.

ಬಂದ ಎಚ್ಚರಿಕೆಯನ್ನು ನಂಬುವುದು

ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಿದರೂ ನಂಬಬೇಕಲ್ಲ. 1973ರ ವಸಂತದಲ್ಲಿ ಈಜಿಪ್ಟ್ ದಾಳಿ ಮಾಡಬಹುದೆಂದು ಇಸ್ರೇಲ್ ಸೇನೆಯನ್ನು ಸಜ್ಜುಗೊಳಿಸಿತು, ಬಹಳ ಹಣ ಖರ್ಚಾಯಿತು, ದಾಳಿ ಆಗಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಅದೇ ಲಕ್ಷಣಗಳು ಕಂಡಾಗ ಸೇನಾ ಬೇಹುಗಾರಿಕೆಯವರು ಇದೂ ಕವಾಯತು ಎಂದುಕೊಂಡರು. ದೂರ ಹೋಗಬಲ್ಲ ಬಾಂಬರ್ ವಿಮಾನಗಳಿಲ್ಲದೆ ಈಜಿಪ್ಟ್ ಯುದ್ಧಕ್ಕೆ ಬರುವುದಿಲ್ಲ ಎಂಬ ತೀರ್ಮಾನ ಅವರ ತಲೆಯಲ್ಲಿ ಬೇರು ಬಿಟ್ಟಿತ್ತು. ಅಕ್ಟೋಬರ್ 6ರಂದು, ಯೋಮ್ ಕಿಪ್ಪೂರ್ ಹಬ್ಬದ ದಿನ, ಈಜಿಪ್ಟ್ ಮತ್ತು ಸಿರಿಯಾ ಎರಡು ಕಡೆಯಿಂದ ಮೇಲೆ ಬಿದ್ದವು. ಐವತ್ತು ವರ್ಷ ಮತ್ತು ಒಂದು ದಿನದ ಬಳಿಕ, 2023ರ ಅಕ್ಟೋಬರ್ 7ರಂದು, ಹಮಾಸ್ ವಿಚಾರದಲ್ಲೂ ಅದೇ ದೇಶ ಅಂಥದೇ ನಂಬಿಕೆಗೆ ಸಿಕ್ಕಿಬಿತ್ತು.

‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಹುಡುಗ ಸುಳ್ಳುಗಾರ. ಇಲ್ಲಿನ ಕಷ್ಟ ಬೇರೆ: ಹುಡುಗ ಪ್ರಾಮಾಣಿಕ, ಪೊದೆಯೂ ನಿಜಕ್ಕೂ ಅಲುಗಿದೆ, ಆದರೂ ತೋಳ ಬರಲಿಲ್ಲ. ದಸರೆಯನ್ನೇ ತೆಗೆದುಕೊಳ್ಳಿ. ಜಂಬೂ ಸವಾರಿಗೆ ವಾರ ಇರುವಾಗ ‘ದಕ್ಷಿಣ ಭಾರತದ ಜನನಿಬಿಡ ಜಾಗವೊಂದರಲ್ಲಿ ಕೃತ್ಯ ನಡೆಯಬಹುದು’ ಎಂಬ ಎಚ್ಚರಿಕೆ ಬಂತು ಎಂದುಕೊಳ್ಳಿ. ಮೈಸೂರಿನ ಪೊಲೀಸ್ ಕಮಿಷನರ್ ಏನು ಮಾಡಬೇಕು? ಮೆರವಣಿಗೆ ನಿಲ್ಲಿಸಬೇಕೇ? ಅರಮನೆಯಿಂದ ಬನ್ನಿಮಂಟಪದವರೆಗೆ ನಿಲ್ಲುವ ಲಕ್ಷಾಂತರ ಜನರನ್ನು ಒಬ್ಬೊಬ್ಬರಾಗಿ ತಡಕಬೇಕೇ? ಊರು, ದಿನ, ವಿಧಾನ ಯಾವುದೂ ಇಲ್ಲದ ಎಚ್ಚರಿಕೆ ಕಳುಹಿಸಿದವರಿಗೆ ರಕ್ಷಣೆ ಕೊಡುತ್ತದೆ, ‘ನಾವು ಹೇಳಿದ್ದೆವು’ ಎನ್ನಬಹುದು. ಪಡೆದವರಿಗೆ ಅದರಿಂದ ಸಿಗುವುದು ಆತಂಕ ಮಾತ್ರ. ಇದರ ಮೇಲೆ ಶಾಲೆಗಳಿಗೆ, ನ್ಯಾಯಾಲಯಗಳಿಗೆ ಬರುವ ಹುಸಿ ಬಾಂಬ್ ಇಮೇಲ್‌ಗಳು ಬೇರೆ. ಪ್ರತಿ ಹುಸಿ ಕರೆಯೂ ಸಿಬ್ಬಂದಿಯ ಎಚ್ಚರವನ್ನು ಒಂದಿಷ್ಟು ತಿಂದು ಹಾಕುತ್ತದೆ.

ಐದು ಸ್ಫೋಟ, ಮೂರು ರಾಜ್ಯ

2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯ ಆವರಣದ ಶೌಚಾಲಯದಲ್ಲಿ ಸ್ಫೋಟವಾದದ್ದು ಇಲ್ಲಿನವರಿಗೆ ನೆನಪಿದೆ. ಒಂಟಿಯಾಗಿ ನೋಡಿದರೆ ಅದೊಂದು ಸಣ್ಣ ಘಟನೆ. ಆದರೆ ಏಪ್ರಿಲ್‌ನಲ್ಲಿ ಆಂಧ್ರದ ಚಿತ್ತೂರಿನಲ್ಲಿ, ಜೂನ್‌ನಲ್ಲಿ ಕೇರಳದ ಕೊಲ್ಲಂನಲ್ಲಿ ಇಂಥದೇ ಸ್ಫೋಟಗಳಾಗಿದ್ದವು. ಮೈಸೂರಿನ ನಂತರ ಸೆಪ್ಟೆಂಬರಿನಲ್ಲಿ ನೆಲ್ಲೂರು, ನವೆಂಬರಿನಲ್ಲಿ ಮಲಪ್ಪುರಂ. ಎಲ್ಲವೂ ನ್ಯಾಯಾಲಯ ಅಥವಾ ಕಲೆಕ್ಟರ್ ಕಚೇರಿಯ ಆವರಣಗಳಲ್ಲಿ. ಹಿಂದಿದ್ದವರು ತಮಿಳುನಾಡಿನಿಂದ ಕೆಲಸ ಮಾಡುತ್ತಿದ್ದ ‘ಬೇಸ್ ಮೂವ್‌ಮೆಂಟ್’ ಎಂಬ ಸಣ್ಣ ಗುಂಪು. ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಅವರನ್ನು ಹಿಡಿಯಿತು. 2021ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೈಸೂರು ಪ್ರಕರಣದಲ್ಲಿ ಮೂವರನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ಮೈಸೂರಿನ ಒಬ್ಬ ಇನ್‌ಸ್ಪೆಕ್ಟರ್ ಎಷ್ಟೇ ಚುರುಕಾಗಿದ್ದರೂ, ಚಿತ್ತೂರು-ಕೊಲ್ಲಂಗಳ ಕಡತ ಅವರ ಮೇಜಿನ ಮೇಲೆ ಇಲ್ಲದಿದ್ದರೆ ಜುಲೈ ಕೊನೆಯಲ್ಲಿ ತಮ್ಮ ನ್ಯಾಯಾಲಯಕ್ಕೆ ಅಪಾಯವಿದೆ ಎಂದು ಊಹಿಸಲಾರರು. ಪೊಲೀಸ್ ರಾಜ್ಯದ ವಿಷಯ. ಐಬಿ ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿದೆ. 1962 ಮತ್ತು 1965ರ ಯುದ್ಧಗಳ ಅನುಭವದ ನಂತರ 1968ರಲ್ಲಿ ಐಬಿಯಿಂದ ಬೇರ್ಪಡಿಸಿ, ಆರ್.ಎನ್. ಕಾವ್ ಅವರ ಕೈಗೆ ಕೊಟ್ಟ ‘ರಾ’ ಸಂಪುಟ ಸಚಿವಾಲಯದಲ್ಲಿದೆ. ಕಾರ್ಗಿಲ್ ನಂತರ 2002ರಲ್ಲಿ ಮೂರೂ ಸೇನೆಗಳ ಬೇಹುಗಾರಿಕೆಯನ್ನು ಕೂಡಿಸಲು ಡಿಐಎ, 2004ರಲ್ಲಿ ತಾಂತ್ರಿಕ ಬೇಹುಗಾರಿಕೆಗೆ ಎನ್‌ಟಿಆರ್‌ಒ ಬಂದವು. 166 ಜನರನ್ನು ಬಲಿ ತೆಗೆದುಕೊಂಡ 2008ರ ಮುಂಬೈ ದಾಳಿಯ ನಂತರ ತನಿಖೆಗೆ ಎನ್‌ಐಎ ಬಂತು. ಇವರೆಲ್ಲ ಮಾಹಿತಿ ಹಂಚಿಕೊಳ್ಳಲೆಂದು 2001ರಲ್ಲಿ ಐಬಿಯೊಳಗೆ ಶುರುವಾದ ಮಲ್ಟಿ ಏಜೆನ್ಸಿ ಸೆಂಟರ್, ಇಲಾಖೆಯವರ ಬಾಯಲ್ಲಿ ಮ್ಯಾಕ್, ಮುಂಬೈ ನಂತರ ಗಟ್ಟಿಯಾಯಿತು. 2025ರ ಮೇ 16ರಂದು ಅದರ ಹೊಸ ರೂಪದ ಉದ್ಘಾಟನೆಯಾಯಿತು. ಜಿಲ್ಲಾ ಎಸ್‌ಪಿ ಕಚೇರಿಗಳವರೆಗೂ ಅದರ ಜಾಲ ಮುಟ್ಟಬೇಕೆಂಬುದು ಉದ್ದೇಶ. ನಮ್ಮ ರಾಜ್ಯದ್ದೇ ಗುಪ್ತವಾರ್ತೆ ವಿಭಾಗ, ಆಂತರಿಕ ಭದ್ರತಾ ವಿಭಾಗಗಳು ಬೇರೆ ಇವೆ.

ಪ್ರತಿ ದುರಂತದ ನಂತರ ಒಂದು ಹೊಸ ಕಚೇರಿ ಹುಟ್ಟಿದೆ ಎಂಬುದು ಮೇಲಿನ ಇಸವಿಗಳನ್ನು ನೋಡಿದರೇ ತಿಳಿಯುತ್ತದೆ. ಕೆಲವು ಬೇಕಾಗಿದ್ದವು. ಆದರೆ ಪ್ರತಿ ಹೊಸ ಕಚೇರಿಯೂ ಸುದ್ದಿ ದಾಟಬೇಕಾದ ಇನ್ನೊಂದು ಹೊಸ್ತಿಲು. ಈ ಎಲ್ಲ ಕಚೇರಿಗಳ ಕೊಟ್ಟಕೊನೆಯಲ್ಲಿ ನಿಂತಿರುವವರು ಬೀಟ್ ಪೊಲೀಸರು ಮತ್ತು ಸ್ಪೆಷಲ್ ಬ್ರಾಂಚಿನ ಮಫ್ತಿ ಸಿಬ್ಬಂದಿ. 2022ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಸಿಡಿದಾಗ, ಆರೋಪಿ ಬೇರೆಯವರ ಆಧಾರ್ ಕಾರ್ಡ್ ಬಳಸಿ ಮೈಸೂರಿನಲ್ಲಿ ಬಾಡಿಗೆ ರೂಮು ಹಿಡಿದಿದ್ದ ಎಂಬುದು ತನಿಖೆಯಲ್ಲಿ ಹೊರಬಂತು. ಆ ರೂಮು ಉಪಗ್ರಹಕ್ಕೆ ಕಾಣುವಂಥದ್ದಲ್ಲ. ಅದನ್ನು ಕಾಣಬಹುದಾಗಿದ್ದದ್ದು ಬೀದಿಯ ಪರಿಚಯವಿರುವ ಒಬ್ಬ ಬೀಟ್ ಪೊಲೀಸ್. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮವನ್ನು ಮೈಸೂರಿನ ಗೋಕುಲಂನ ಯೋಗ ವಿದ್ಯಾರ್ಥಿಗಳಿಗೆ ಮನೆ ಕೊಡುವವರು ಬಲ್ಲರು. ಅದೇ ಬೀದಿಯ ಬಾಡಿಗೆ ರೂಮಿನಲ್ಲಿ ಹೊರ ಜಿಲ್ಲೆಯ ಹುಡುಗನೊಬ್ಬ ಕೊಟ್ಟ ಜೆರಾಕ್ಸ್ ಪ್ರತಿಯನ್ನು ಮಾಲೀಕರು ಬಿಟ್ಟರೆ ಯಾರೂ ನೋಡುವುದಿಲ್ಲ. ಬಂದೋಬಸ್ತು, ಪಾಸ್‌ಪೋರ್ಟ್ ವೆರಿಫಿಕೇಷನ್, ಕೋರ್ಟ್ ಡ್ಯೂಟಿಗಳ ನಡುವೆ ಬೀಟ್ ಪೊಲೀಸರಿಗೆ ಬೀದಿ ಸುತ್ತುವ ಸಮಯ ಉಳಿದರಲ್ಲವೇ?

ಹೆಚ್ಚು ಅಧಿಕಾರವೋ, ಹೆಚ್ಚು ಲೆಕ್ಕ ಕೇಳುವುದೋ

ಈಗ ನಡೆಯುತ್ತಿರುವ ವಾದದಲ್ಲಿ ಒಂದು ಕಡೆಯವರು ಹೇಳುವುದಿಷ್ಟು: ತಪ್ಪಿಸಿದ ನೂರು ದಾಳಿಗಳು ಸುದ್ದಿಯಾಗುವುದಿಲ್ಲ, ತಪ್ಪದ ಒಂದು ಸುದ್ದಿಯಾಗುತ್ತದೆ. ಶತ್ರು ಎನ್‌ಕ್ರಿಪ್ಟ್ ಆದ ಆ್ಯಪ್‌ಗಳಲ್ಲಿ ಮಾತಾಡುವಾಗ ನಮ್ಮವರ ಕೈ ಕಟ್ಟಿ ಹಾಕಬಾರದು. ಬ್ಯಾಂಕು, ಪ್ರಯಾಣ, ಫೋನು ಎಲ್ಲ ದತ್ತಾಂಶವೂ ಒಂದೇ ಕಡೆ ಸಿಗುವಂತಾಗಬೇಕು. ಈ ಮಾತಿನಲ್ಲಿ ಸತ್ಯಾಂಶವಿದೆ. ಬೇಹುಗಾರಿಕೆಯವರು ತಮ್ಮ ಗೆಲುವನ್ನು ಹೇಳಿಕೊಳ್ಳಲಾರರು, ಹೇಳಿಕೊಂಡರೆ ಸುದ್ದಿ ಕೊಟ್ಟವನ ತಲೆ ಹೋಗುತ್ತದೆ.

ಇನ್ನೊಂದು ಕಡೆಯವರ ಮಾತು: ಐಬಿ, ‘ರಾ’ ಎರಡೂ ಸಂಸತ್ತು ಮಾಡಿದ ಕಾಯ್ದೆಯಿಂದ ಹುಟ್ಟಿದವಲ್ಲ, ಸರ್ಕಾರಿ ಆದೇಶದಿಂದ ನಡೆಯುತ್ತಿರುವವು. ಬ್ರಿಟನ್ 1989 ಮತ್ತು 1994ರಲ್ಲಿ ತನ್ನ ಸಂಸ್ಥೆಗಳಿಗೆ ಕಾಯ್ದೆ ಮಾಡಿ ಸಂಸದರ ಸಮಿತಿಯೊಂದನ್ನು ಮೇಲೆ ಕೂರಿಸಿತು. ಅಮೆರಿಕ 1970ರ ದಶಕದ ಹಗರಣಗಳ ನಂತರ ಎರಡೂ ಸದನಗಳಲ್ಲಿ ಸಮಿತಿ ಮಾಡಿತು. ನಮ್ಮಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯೂ ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ದೂರು ಬಿಟ್ಟರೆ ಈ ಸಂಸ್ಥೆಗಳ ಬಾಗಿಲಲ್ಲೇ ನಿಲ್ಲುತ್ತದೆ. ಲೆಕ್ಕ ಕೇಳುವವರಿಲ್ಲದ ಕಿವಿ ಯಾರ ಮನೆಯ ಮಾತನ್ನಾದರೂ ಕೇಳೀತು. ಕರ್ನಾಟಕದಲ್ಲಿ ಇದು ಬರೀ ಊಹೆಯ ಮಾತಲ್ಲ: ಫೋನ್ ಕದ್ದಾಲಿಕೆಯ ವಿವಾದದಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣವನ್ನು ಹೂಡಿದವರೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ, ಭದ್ರತೆ ಏರಿದರೆ ಸ್ವಾತಂತ್ರ್ಯ ಇಳಿಯಬೇಕು ಎಂಬಂತೆ ಮಾತಾಡುವುದು ರೂಢಿ. ನನಗೆ ಅದು ತಪ್ಪು ಅನ್ನಿಸುತ್ತದೆ. ಲೆಕ್ಕ ಕೇಳುವವರು ಇದ್ದರೆ ಭದ್ರತೆಯೂ ಹೆಚ್ಚುತ್ತದೆ. ಕಾರಣ, ವಿರೋಧ ಪಕ್ಷದವರ ಫೋನಿನ ಮೇಲೆ ಕುಳಿತ ಸಿಬ್ಬಂದಿ ಅಷ್ಟು ಹೊತ್ತು ನಿಜವಾದ ಅಪಾಯದ ಮೇಲೆ ಕುಳಿತಿರುವುದಿಲ್ಲ. ಆಳುವವರಿಗೆ ಬೇಕಾದ ಸುದ್ದಿಯನ್ನೇ ಹುಡುಕಿ ಕೊಡುವ ಅಭ್ಯಾಸವಾದ ಸಂಸ್ಥೆಗೆ ಬೇಡವಾದ ಸುದ್ದಿ ಹೇಳುವ ಧೈರ್ಯ ಹೋಗುತ್ತದೆ.

ಸುದ್ದಿಯನ್ನು ಆಳುವವರು ಹೇಗೆ ಬಳಸುತ್ತಾರೆ ಎಂಬುದಕ್ಕೂ ಶ್ರೀರಂಗಪಟ್ಟಣವೇ ಉದಾಹರಣೆ. 1797ರ ಕೊನೆಗೆ ಟಿಪ್ಪು ಫ್ರೆಂಚರ ನೆರವು ಕೇಳಿ ಮಾರಿಷಸ್‌ಗೆ ಗುಟ್ಟಾಗಿ ದೂತರನ್ನು ಕಳುಹಿಸಿದ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು, ಟಿಪ್ಪುವಿಗೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ! ಸುಮಾರು ನೂರು ಜನ ಮಾತ್ರ ಮಂಗಳೂರಿಗೆ ಬಂದಿಳಿದರು. ಆ ಪ್ರಕಟಣೆ ಜೂನಿನಲ್ಲಿ ಕಲ್ಕತ್ತೆ ಮುಟ್ಟಿತು. ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಕಾರಣ ಬೇಕಿತ್ತು. ನೂರು ಜನರಿಂದ ಕಂಪನಿಗೆ ಎಷ್ಟು ಅಪಾಯ ಎಂದು ತೂಗಿ ನೋಡುವ ಮನಸ್ಸು ಅವನಿಗಿರಲಿಲ್ಲ. 1799ರ ಮೇ 4ರಂದು ಕೋಟೆ ಬಿತ್ತು.

ಮುಂದೆ ಏನಾಗಬಹುದು

ತಕ್ಷಣದ ಪರಿಣಾಮ ಊಹಿಸಬಹುದು. ದತ್ತಾಂಶ ಜೋಡಣೆ ಹೆಚ್ಚುತ್ತದೆ, ಕ್ಯಾಮೆರಾ ಹೆಚ್ಚುತ್ತದೆ, ಬಾಡಿಗೆದಾರರ ಪರಿಶೀಲನೆ ಬಿಗಿಯಾಗುತ್ತದೆ. ರಸಗೊಬ್ಬರ, ರಾಸಾಯನಿಕ ಮಾರುವವರಿಗೆ ಹೊಸ ನಿಯಮಗಳು ಬರಬಹುದು. ಅಮೋನಿಯಂ ನೈಟ್ರೇಟ್ ಮಾರಾಟಕ್ಕೆ 2012ರಿಂದಲೇ ಪರವಾನಗಿ ಬೇಕು. ಇವುಗಳಿಂದ ಲಾಭವಿಲ್ಲ ಎಂದಲ್ಲ. ಆದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವವರಿಗೆ ಇನ್ನಷ್ಟು ಹುಲ್ಲು ತಂದು ಸುರಿದರೆ, ಕೇರುವ ಕೈಗಳನ್ನೂ ಕೊಡಬೇಕು. ಭಾಷೆ ಬಲ್ಲ ವಿಶ್ಲೇಷಕರು, ಬೀದಿ ಬಲ್ಲ ಪೊಲೀಸರು ಸಿದ್ಧವಾಗಲು ವರ್ಷಗಳು ಬೇಕು, ಅವರ ನೇಮಕ ಉದ್ಘಾಟನೆಯ ಫೋಟೊಗೆ ಸಿಗುವಂಥದ್ದಲ್ಲ.

ಇನ್ನೊಂದು ಪರಿಣಾಮ ನನ್ನನ್ನು ಹೆಚ್ಚು ಕಾಡುತ್ತದೆ. ದಾಳಿಯ ನಂತರದ ವಾರಗಳಲ್ಲಿ ಒಂದು ಇಡೀ ಸಮುದಾಯವನ್ನೋ ಹೊರ ರಾಜ್ಯದ ವಿದ್ಯಾರ್ಥಿಗಳನ್ನೋ ಅನುಮಾನದಿಂದ ನೋಡುವುದು ಶುರುವಾಗುತ್ತದೆ, ಮನೆ ಬಾಡಿಗೆಗೆ ಸಿಗದಂತಾಗುತ್ತದೆ. ಮನುಷ್ಯರಿಂದ ಬರುವ ಸುದ್ದಿ ಅಲ್ಲೇ ಬತ್ತುತ್ತದೆ. ತನ್ನ ಬೀದಿಯಲ್ಲಿ ಏನೋ ಸರಿಯಿಲ್ಲ ಎಂದು ಕಂಡವನು ಠಾಣೆಗೆ ಬಂದು ಹೇಳಿದರೆ ತನ್ನನ್ನೇ ಕೂರಿಸಿಕೊಳ್ಳುತ್ತಾರೆ ಎಂದು ಹೆದರಿದರೆ ಅವನು ಬರುವುದಿಲ್ಲ.

ಕಾರ್ಗಿಲ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದದ್ದು 2000ದ ಫೆಬ್ರವರಿಯಲ್ಲಿ, ಯುದ್ಧ ಮುಗಿದು ಏಳು ತಿಂಗಳಿಗೆ. ಕೆಲವು ಭಾಗಗಳನ್ನು ಗುಟ್ಟಿನ ಕಾರಣಕ್ಕೆ ತೆಗೆದಿದ್ದರೂ, ಜೂನ್ 2ರ ಆ ಪತ್ರ ಯಾರಿಗೆ ಹೋಯಿತು, ಯಾರಿಗೆ ಹೋಗಲಿಲ್ಲ ಎಂಬುದನ್ನು ಯಾರು ಬೇಕಾದರೂ ಓದಬಹುದು. ಡಿಐಎ, ಮ್ಯಾಕ್‌ಗಳು ಹುಟ್ಟಿದ್ದು ಆ ವರದಿಯ ನಂತರ ನಡೆದ ಚರ್ಚೆಯಿಂದ. ಪಹಲ್ಗಾಮ್, ಕೆಂಪುಕೋಟೆ ಎರಡು ಪ್ರಕರಣಗಳೂ ಎನ್‌ಐಎ ಕೈಯಲ್ಲಿವೆ. ಯಾರು ಮಾಡಿದರು, ಯಾರು ಮಾಡಿಸಿದರು, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯ ಏನು ಎಂಬುದು ಅದರ ಕೆಲಸ. ಸುಳಿವು ಯಾವ ಮೇಜಿನ ಮೇಲೆ ನಿಂತಿತು ಎಂದು ಕೇಳುವುದು ಅದರ ಕೆಲಸವಲ್ಲ. ಅದಕ್ಕೆ ಕಾರ್ಗಿಲ್ ಸಮಿತಿಯಂಥ ಇನ್ನೊಂದು ಸಮಿತಿ ಬೇಕು, ಅದನ್ನು ಸರ್ಕಾರ ನೇಮಿಸಬೇಕು, ವರದಿಯನ್ನು ಸಂಸತ್ತಿನಲ್ಲಿ ಇಡಬೇಕು. ಮೈಸೂರು, ಮಂಡ್ಯದ ಸಂಸದರೂ ಸೇರಿದಂತೆ ಯಾವ ಸಂಸದರು ಬೇಕಾದರೂ ಸದನದಲ್ಲಿ ಕೇಳಬಹುದಾದ ಪ್ರಶ್ನೆ ಇದು.